ಸಹಾಯ ಬೇಕು: ಹೊಸ ಅಡುಗೆಮನೆಗೆ ವ್ಯಾಟ್ ಕಟ್ಟಬೇಕಾ?

ನಮಸ್ಕಾರ. ಇಂಗ್ಲೆಂಡ್‌ನಲ್ಲಿ ನಾವೇ ಮುಂದೆ ನಿಂತು ಮನೆ ಕಟ್ಟಿಸುತ್ತಿದ್ದೇವೆ. ಅಡುಗೆಮನೆಗೆ 12,000 ಪೌಂಡ್ ಎತ್ತಿಟ್ಟಿದ್ದೆವು. ಕೂರಿಸಿಕೊಡುವ ಕಂಪನಿಯಿಂದ ಕೊಟೇಶನ್ ಬಂದಿದ್ದು 14,400! ನೋಡಿದರೆ ಎಲ್ಲದಕ್ಕೂ 20% ವ್ಯಾಟ್ ಸೇರಿಸಿದ್ದಾರೆ.

ಕಪಾಟು, ಸಿಂಕ್, ಕಟ್ಟೆ ಎಲ್ಲ ಅವರೇ ತಂದು ಕೂರಿಸಿದರೆ ಹೊಸ ಮನೆಗೆ ಸೊನ್ನೆ ವ್ಯಾಟ್ ಅಲ್ವಾ? ತಪ್ಪಾಗಿ ಹಾಕಿದ್ದನ್ನು ಕಟ್ಟಿಬಿಟ್ಟರೆ ಎಚ್‌ಎಂಆರ್‌ಸಿ (ಇಲ್ಲಿನ ತೆರಿಗೆ ಇಲಾಖೆ) ವಾಪಸ್ ಕೊಡುವುದಿಲ್ಲ. ಬರೀ ಸಾಮಾನು ಕೊಂಡರೆ ಮಾತ್ರ ಆಮೇಲೆ ಕ್ಲೇಮ್ ಮಾಡಬಹುದು, ಮನೆ ಮುಗಿದ 6 ತಿಂಗಳೊಳಗೆ.

ಓವನ್, ಫ್ರಿಜ್‌ಗೆ ಹೇಗೂ ರಿಯಾಯಿತಿ ಇಲ್ಲ, ಬಿಡಿ. ಹೊಗೆ ಹೊರಗೆ ಎಳೆಯುವ ಹುಡ್‌ಗೆ ಉಂಟು. ನಮ್ಮ ಒಗ್ಗರಣೆ ಘಾಟಿಗೆ ಅದೇ ಮುಖ್ಯ! ಆದರೆ ಇವರು ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದಿದ್ದಾರೆ.

ಹೀಗೆ ಕೊಟೇಶನ್ ತಿದ್ದಿಸಿದವರು ಯಾರಾದರೂ ಇದ್ದೀರಾ? ಹೊಸ ಮನೆ ಅಂತ ಅವರಿಗೆ ಪ್ಲಾನಿಂಗ್ ಪರ್ಮಿಷನ್ (ಮನೆ ಕಟ್ಟಲು ಅನುಮತಿ) ಪ್ರತಿ ತೋರಿಸಿದರೆ ಸಾಕಾಯ್ತಾ? ಶುಕ್ರವಾರ ಅಡ್ವಾನ್ಸ್ ಕೊಡಬೇಕು.