ಮ್ಯಾಗ್ನೆಟ್ ಇಟ್ಟರೆ ಬರೀ ಕಪ್ಪು ಪುಡಿ ಬರ್ತಿದೆ, ಬ್ಯಾಕ್ಟೀರಿಯಾ ಎಲ್ಲಿ?

ಕೆರೆಕಪ್ಪೆ:
ಮ್ಯಾಗ್ನೆಟ್ಟಿನ ದಿಕ್ಕು ಹಿಡಿದು ಈಜುವ ಬ್ಯಾಕ್ಟೀರಿಯಾ ಹುಡುಕೋಣ ಅಂತ ಹೆಸರಘಟ್ಟ ಕೆರೆಯ ಅಂಚಿನಿಂದ ಕೆಸರು ತಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಮೂರು ವಾರ ಆಯಿತು. ಕೆಳಗೆ ಕೆಸರು, ಮೇಲೆ ಅದೇ ಕೆರೆಯ ನೀರು. ಹೊರಗಿನಿಂದ ಮ್ಯಾಗ್ನೆಟ್ ಅಂಟಿಸಿ ಒಂದು ಗಂಟೆ ಬಿಟ್ಟರೆ ಗಾಜಿನ ಒಳಗೆ ಕಪ್ಪು ಚುಕ್ಕೆ ಕಟ್ಟುತ್ತದೆ. ಮೈಕ್ರೋಸ್ಕೋಪಿನಲ್ಲಿ 400 ಪಟ್ಟು ಹಿಗ್ಗಿಸಿ ನೋಡಿದೆ. ಒಂದೂ ಈಜುವುದಿಲ್ಲ, ಸುಮ್ನೆ ಪುಡಿ. ಪಾಪ ಸಾಯಬಾರದು ಅಂತ ಮೀನಿನ ತೊಟ್ಟಿಯ ಏರ್ ಪಂಪ್ ಕೂಡ ಹಾಕಿದ್ದೇನೆ. ಕಾಲೇಜಿನ ವಸ್ತುಪ್ರದರ್ಶನಕ್ಕೆ ಎರಡೇ ವಾರ. ‘ಎಂಆರ್‌ಐ ಸ್ಕ್ಯಾನಿಗೆ ನೆರವಾಗುವ ಬ್ಯಾಕ್ಟೀರಿಯಾ’ ಅಂತ ಬೋರ್ಡ್ ಬೇರೆ ಬರೆಸಿಬಿಟ್ಟೆ!

ಲ್ಯಾಬ್ ಮೇಡಂ:
ಮೊದಲು ಆ ಪಂಪ್ ಕಿತ್ತು ಹಾಕು ಮರಿ. ಇವು ಮೀನಲ್ಲ. ಇವಕ್ಕೆ ಆಮ್ಲಜನಕ ಜಾಸ್ತಿ ಆದರೆ ಆಗುವುದಿಲ್ಲ. ಅದು ಇನ್ನೇನು ಮುಗಿಯುತ್ತದೆ ಅನ್ನುವ ಗಡಿಯಲ್ಲಿ ಇವುಗಳ ವಾಸ. ಬಾಟಲಿಯಲ್ಲಿ ಆ ಗಡಿ ಕೆಸರಿನ ಮೇಲ್ಪದರದ ಹತ್ತಿರ ತಾನಾಗೇ ಕಟ್ಟಿಕೊಳ್ಳುತ್ತದೆ. ನೀನು ಗುಳ್ಳೆ ಬಿಟ್ಟು ದಿನಾ ಕಲಕಿದ್ದೀಯ. ಮುಚ್ಚಳ ಸಡಿಲ ಇರಲಿ, ಮಬ್ಬು ಬೆಳಕಿನ ಮೂಲೆಯಲ್ಲಿಡು, ಹತ್ತು ದಿನ ಮುಟ್ಟಬೇಡ.

ಕಪ್ಪು ಪುಡಿ ಮಣ್ಣಿನಲ್ಲಿರುವ ಕಬ್ಬಿಣದ ಕಣ. ಗುರುತಿಸುವುದು ಸುಲಭ. ಮೈಕ್ರೋಸ್ಕೋಪಿನ ಪಕ್ಕದಲ್ಲಿ ಮ್ಯಾಗ್ನೆಟ್ ಇಟ್ಟು ತಿರುಗಿಸು. ಪುಡಿ ಇದ್ದಲ್ಲೇ ಹೊರಳುತ್ತದೆ ಅಷ್ಟೇ. ಬ್ಯಾಕ್ಟೀರಿಯಾ ಯೂ ಟರ್ನ್ ಹೊಡೆದು ವಾಪಸ್ ಈಜುತ್ತದೆ. 1975ರಲ್ಲಿ ಅಮೆರಿಕದ ವಿಜ್ಞಾನಿ ರಿಚರ್ಡ್ ಬ್ಲೇಕ್‌ಮೋರ್ ಇದನ್ನೇ ಕಂಡು ಬರೆದದ್ದು.

ದಿಕ್ಸೂಚಿ:
ಮ್ಯಾಗ್ನೆಟ್ ಎಲ್ಲಿ ಇಟ್ಟಿದ್ದೀರಿ? ಕೆಸರಿಗಿಂತ ಒಂದು ಸೆಂಟಿಮೀಟರ್ ಮೇಲಿರಬೇಕು. ಕೆಸರಿಗೇ ಅಂಟಿಸಿದರೆ ಪುಡಿಯೇ ಬರುವುದು. ಉತ್ತರಾರ್ಧಗೋಳದವು ಸಾಮಾನ್ಯವಾಗಿ ಮ್ಯಾಗ್ನೆಟ್ಟಿನ ದಕ್ಷಿಣ ಧ್ರುವದ ಕಡೆ ಬರುತ್ತವೆ. ಆದರೆ ಪುಸ್ತಕ ನಂಬಿ ಒಂದೇ ಕಡೆ ಕಾಯಬೇಡಿ. ಭೂಮಿಯ ಕಾಂತೀಯ ಸಮಭಾಜಕ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ರೇಖೆ, ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ಬ್ರೆಜಿಲ್‌ನಲ್ಲಿ ಆ ರೇಖೆಯ ಬಳಿ ಉತ್ತರಕ್ಕೆ ಈಜುವವು, ದಕ್ಷಿಣಕ್ಕೆ ಈಜುವವು ಎರಡೂ ಹೆಚ್ಚುಕಮ್ಮಿ ಸಮವಾಗಿ ಸಿಕ್ಕವು ಅಂತ 1981ರಲ್ಲಿ ವರದಿಯಾಗಿದೆ. ಬಾಟಲಿಯ ಎದುರುಬದುರು ಎರಡು ಮ್ಯಾಗ್ನೆಟ್ ಇಡಿ, ಒಂದರ ಉತ್ತರ, ಇನ್ನೊಂದರ ದಕ್ಷಿಣ ಗಾಜಿಗೆ ತಾಗಲಿ.

ಕೆರೆಕಪ್ಪೆ:
ಅಯ್ಯೋ, ಕೆಸರಿಗೇ ಅಂಟಿಸಿದ್ದೆ ಸಾರ್. ಮೇಡಂ, ಇನ್ನೊಂದು. ನಮ್ಮ ಅಕ್ಕ ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೆಕ್ನಿಷಿಯನ್. ಒಂದು ಟ್ಯೂಬ್ ಮಷಿನ್ನಿಗೆ ಇಟ್ಟು ನೋಡಬಹುದಾ?

ಲ್ಯಾಬ್ ಮೇಡಂ:
ಅಕ್ಕನ ಕೆಲಸ ಕಳೆಯುತ್ತೀಯ! ಕೆರೆ ಕೆಸರನ್ನು ಅಲ್ಲಿಗೆಲ್ಲ ಒಯ್ಯಬೇಡ. ವಿಷಯ ಮಾತ್ರ ತಿಳಿದುಕೋ. ಎಂಆರ್‌ಐ ಹಿಡಿಯುವುದು ಮುಖ್ಯವಾಗಿ ಮೈಯ ನೀರಿನಲ್ಲಿರುವ ಹೈಡ್ರೋಜನ್‌ನ ಸಿಗ್ನಲ್. ಈ ಬ್ಯಾಕ್ಟೀರಿಯಾದ ಒಳಗೆ ಮ್ಯಾಗ್ನೆಟೈಟ್ ಅನ್ನುವ ಕಾಂತೀಯ ಕಬ್ಬಿಣದ ಆಕ್ಸೈಡಿನ ಹರಳುಗಳು ಮಣಿಸರದ ಹಾಗೆ ಸಾಲಾಗಿವೆ. ಒಂದೊಂದು ಸುಮಾರು 35ರಿಂದ 120 ನ್ಯಾನೋಮೀಟರ್. ಅವು ಇದ್ದ ಕಡೆ ಸಿಗ್ನಲ್ ಬೇಗ ಆರಿಹೋಗಿ ಚಿತ್ರದಲ್ಲಿ ಕಪ್ಪಾಗುತ್ತದೆ. ಹರಳು ಇನ್ನೂ ಸಣ್ಣದಾದರೆ ಉಲ್ಟಾ, ಬೆಳ್ಳಗೆ ಕಾಣುವಂತೆಯೂ ಮಾಡಬಹುದು. 2009ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥದ್ದೇ ಬ್ಯಾಕ್ಟೀರಿಯಾದ ಎಎಂಬಿ-1 ಅನ್ನುವ ತಳಿಯಿಂದ ಇಲಿಗಳ ಗಡ್ಡೆಯನ್ನು ಹಾಗೆ ತೋರಿಸಿದರು. ಲ್ಯಾಬಿನಲ್ಲಿ ಬೆಳೆಸಿದ ತಳಿ ಅದು, ನಿನ್ನ ಕೆಸರಲ್ಲ. ಆಸ್ಪತ್ರೆಯಲ್ಲಿ ಮನುಷ್ಯರಿಗೆ ಇದನ್ನು ಕೊಡುತ್ತಿಲ್ಲ. ನಿನ್ನ ಬೋರ್ಡ್ ಸ್ವಲ್ಪ ಜೋರಾಯಿತು.

ಕೆರೆಕಪ್ಪೆ:
ಹನ್ನೊಂದನೇ ದಿನ. ಸಿಕ್ಕವು! ಹನಿಯ ಅಂಚಿನಲ್ಲಿ ಗುಂಪು ಕಟ್ಟಿದ್ದವು. ಮ್ಯಾಗ್ನೆಟ್ ತಿರುಗಿಸಿದ ಕೂಡಲೇ ಎಲ್ಲವೂ ಒಟ್ಟಿಗೆ ತಿರುಗಿದವು. ಜಾಸ್ತಿ ಬಂದದ್ದು ದಕ್ಷಿಣ ಧ್ರುವದ ಕಡೆಗೇ, ಇನ್ನೊಂದು ಕಡೆ ನಾಲ್ಕೈದು. ಬೋರ್ಡಿನಲ್ಲಿ ‘ಇಲಿಗಳ’ ಅಂತ ಸೇರಿಸಿದ್ದೇನೆ ಮೇಡಂ. ಜಾಗ ಸಾಲದೆ ಅಕ್ಷರ ಸ್ವಲ್ಪ ಸೊಟ್ಟಗಾಗಿದೆ.