ಅಪ್‌ಡೇಟ್: ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಬಿಸಿಯಾಗುವುದು ನಿಂತಿತು

ಹೋದ ವಾರ ಕೇಳಿದ್ದೆನಲ್ಲ, ಉಬುಂಟು (ವಿಂಡೋಸ್ ತರಹದ್ದೇ, ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್) ಹಾಕಿದ ಮೇಲೆ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದರೂ ಲ್ಯಾಪ್‌ಟಾಪ್ ಕಾದ ಹಂಚಿನ ಹಾಗೆ ಆಗುತ್ತದೆ, ಬ್ಯಾಟರಿನೂ ಇಳಿಯುತ್ತದೆ ಅಂತ. ಈಗ ಸರಿಹೋಗಿದೆ.

ಕೈ ಹಿಡಿದದ್ದು 'ಸ್ಲೀಪ್ ಯಾವ ಬಗೆಯದು ನೋಡಿ' ಅಂದವರ ಸಲಹೆ. ಸಿಸ್ ಫೋಲ್ಡರಿನಲ್ಲಿ ಪವರ್, ಅದರೊಳಗೆ ಮೆಮ್_ಸ್ಲೀಪ್ ಅನ್ನೋ ಫೈಲ್. ಅದರಲ್ಲಿ ಎಸ್2ಐಡಲ್ (ಅರೆನಿದ್ದೆ), ಡೀಪ್ (ಗಾಢನಿದ್ದೆ) ಎರಡೂ ಇದ್ದವು. ಈಗ ಬಳಕೆಯಲ್ಲಿರುವುದಕ್ಕೆ ಚೌಕ ಕಂಸ ಇರುತ್ತದೆ; ಅದು ಇದ್ದದ್ದು ಎಸ್2ಐಡಲ್‌ಗೆ, ಅಂದರೆ ನನ್ನದು ಬರೀ ಅರೆನಿದ್ದೆ. ಗ್ರಬ್ (ಲ್ಯಾಪ್‌ಟಾಪ್ ಆನ್ ಆದಾಗ ಲಿನಕ್ಸ್ ಶುರು ಮಾಡುವ ಪ್ರೋಗ್ರಾಂ) ಸೆಟ್ಟಿಂಗಿನ ಕರ್ನೆಲ್ ಸಾಲಿಗೆ ಮೆಮ್_ಸ್ಲೀಪ್_ಡೀಫಾಲ್ಟ್=ಡೀಪ್ ಅಂತ ಸೇರಿಸಿ, ಗ್ರಬ್ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿದೆ. ರಾಯಚೂರಿಂದ ಸಿಂಧನೂರಿಗೆ ಬಸ್ಸಲ್ಲಿ ಹೋಗಿ ಬ್ಯಾಗ್ ತೆಗೆದರೆ ತಣ್ಣಗಿತ್ತು! ಚಾರ್ಜ್ ಇಳಿದಿದ್ದು ಶೇ. 1 ಮಾತ್ರ. ನಿಮ್ಮ ಫೈಲಿನಲ್ಲಿ ಡೀಪ್ ಅನ್ನೋದೇ ಇಲ್ಲದಿದ್ದರೆ ಈ ದಾರಿ ಆಗಲ್ಲ.

ಟಿಎಲ್‌ಪಿ (ಬ್ಯಾಟರಿ ಉಳಿಸುವ ಪ್ರೋಗ್ರಾಂ) ಹಾಕಿದ್ದರಿಂದ ನನಗೆ ಏನೂ ಉಪಯೋಗ ಆಗಲಿಲ್ಲ. ಅದೇ ತರಹದ ಕೆಲಸ ಮಾಡುವ ಉಬುಂಟುವಿನದೇ ಪವರ್ ಪ್ರೊಫೈಲ್ಸ್ ಡೀಮನ್ ಹಿನ್ನೆಲೆಯಲ್ಲಿ ಆಗಲೇ ಓಡುತ್ತಿತ್ತು, ಎರಡಕ್ಕೂ ಹೊಂದಲ್ಲ. ಹಾಗಾಗಿ ಟಿಎಲ್‌ಪಿ ತೆಗೆದೆ. ಪವರ್‌ಟಾಪ್ ಅನ್ನೋ ಇನ್ನೊಂದು ಬ್ಯಾಟರಿ ಉಳಿಸುವ ಪ್ರೋಗ್ರಾಂಗೆ ಆಟೋಟ್ಯೂನ್ ಕೊಟ್ಟರೆ ಯುಎಸ್‌ಬಿ ಮೌಸ್ ಆಗಾಗ ಮಲಗುತ್ತಿತ್ತು, ಅದನ್ನೂ ಬಿಟ್ಟೆ.

ನಾನು ನೆನೆಸದೇ ಇದ್ದದ್ದು ಇನ್ನೊಂದು. ಕೆಲಸ ಮಾಡುವಾಗ 92 ಡಿಗ್ರಿ ತೋರಿಸುತ್ತಿದ್ದದ್ದಕ್ಕೂ ಲಿನಕ್ಸ್‌ಗೂ ಸಂಬಂಧವೇ ಇಲ್ಲ. ನಮ್ಮ ಮನೆ ಗಂಜ್ (ಹತ್ತಿ ಮಾರುವ ಮಾರುಕಟ್ಟೆ) ಹತ್ತಿರ, ಸೀಸನ್ನಿನಲ್ಲಿ ಹತ್ತಿ ಎಳೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಹಿಂದಿನ ಕವರ್ ಬಿಚ್ಚಿದರೆ ಫ್ಯಾನಿಗೂ ಹೀಟ್‌ಸಿಂಕಿಗೂ (ಬಿಸಿ ಹೊರಹಾಕುವ ಲೋಹದ ಭಾಗ) ನಡುವೆ ದೀಪದ ಬತ್ತಿಯಷ್ಟು ದಪ್ಪ ಬೂದುಬಣ್ಣದ ಪದರ. ಚಿಮಟದಲ್ಲಿ ಹಿಡಿದೆಳೆದರೆ ಇಡಿಯಾಗಿ ಬಂತು. ಈಗ ಅದೇ ಕೆಲಸಕ್ಕೆ 74 ಡಿಗ್ರಿ.

ಸ್ಲೀಪ್ ವಿಷಯ ತಿಳಿಸಿದವರಿಗೆ ತುಂಬಾ ಥ್ಯಾಂಕ್ಸ್. ಹೊಸ ಬ್ಯಾಟರಿಗೆ ಅಂತ ಎತ್ತಿಟ್ಟ ದುಡ್ಡು ಹಾಗೇ ಉಳಿಯಿತು.