ಲೊಕೇಶನ್ ಆಫ್ ಮಾಡಿದರೆ ಸಾಕಲ್ವಾ?

ಬಯಲುಸೀಮೆ ಹುಡುಗ: ಯುದ್ಧ ನಡೆಯುವ ಕಡೆ ಸೈನಿಕರಿಗೆ ಮೊಬೈಲ್ ಬೇಡ ಅಂತಾರಲ್ಲ, ಯಾಕೆ? ಲೊಕೇಶನ್ ಆಫ್ ಮಾಡಿದರೆ ಮುಗೀತಲ್ವಾ?

ಸಿಗ್ನಲ್ ಸೀನ: ಮುಗಿಯುವುದಿಲ್ಲ ಗುರು. ಫೋನ್ ಆನ್ ಇದ್ದರೆ, ನೀವು ಯಾರಿಗೂ ಕರೆ ಮಾಡದಿದ್ದರೂ, ಅದು ಆಗಾಗ ಟವರ್‌ಗೆ ಸಿಗ್ನಲ್ ಕಳಿಸುತ್ತಲೇ ಇರುತ್ತದೆ, ಅದು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚೋಕೆ ಜಿಪಿಎಸ್ ಬೇಕೇ ಇಲ್ಲ. ಒಂದೇ ಕಟ್ಟಡದಿಂದ ನೂರಾರು ಫೋನ್ ಸಿಗ್ನಲ್ ಬಂದರೆ ಶತ್ರುವಿಗೆ ಇನ್ನೇನು ಬೇಕು? 2023ರ ಹೊಸವರ್ಷದ ರಾತ್ರಿ ಉಕ್ರೇನಿನ ಮಕೀವ್ಕಾದಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡಕ್ಕೆ ಉಕ್ರೇನ್ ಹಾರಿಸಿದ ಹಿಮಾರ್ಸ್ (ಅಮೆರಿಕ ಕೊಟ್ಟ ರಾಕೆಟ್ ವ್ಯವಸ್ಥೆ) ರಾಕೆಟ್‌ಗಳು ಬಿದ್ದವು. 89 ಜನ ಸತ್ತರು ಎಂದ ರಷ್ಯಾ, ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಅಂತ ಹೇಳಿತು.

ಖಾರಾಬೂಂದಿ: ಅದೊಂದು ನೆಪ ಅಷ್ಟೇ. ಅಷ್ಟು ಜನರನ್ನು ಒಂದೇ ಕಡೆ ತುಂಬಿದ್ದು ಯಾರು? ಅಧಿಕಾರಿಗಳು ತಾನೇ. ಸತ್ತವರ ಮೇಲೆ ತಪ್ಪು ಹೊರಿಸೋದು ಸುಲಭ.

ಓಟಗಾರ: ಫೋನ್ ಬಿಡಿ, ಕೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡೂ ಸಾಕು. ಇಂಥ ಬ್ಯಾಂಡ್, ಫೋನ್‌ಗಳಿಂದ ಓಟದ ದಾರಿ ದಾಖಲಿಸುವ ಸ್ಟ್ರಾವಾ ಅನ್ನೋ ಆ್ಯಪ್ 2017ರಲ್ಲಿ ತನ್ನ ಬಳಕೆದಾರರು ಓಡಾಡಿದ ದಾರಿಗಳ ನಕ್ಷೆ ಹಾಕಿತ್ತು. ಸಿರಿಯಾ, ಅಫ್ಘಾನಿಸ್ತಾನದ ಕಡೆ ಅದನ್ನು ಬಳಸುವವರೇ ಕಡಿಮೆ, ಹಾಗಾಗಿ ನಕ್ಷೆ ಬಹುತೇಕ ಕಪ್ಪು, ನಡುವೆ ಅಲ್ಲಲ್ಲಿ ಮಾತ್ರ ಹೊಳೆಯುವ ಗೆರೆಗಳು. ಸೇನಾ ನೆಲೆಯೊಳಗೆ ಸೈನಿಕರು ಜಾಗಿಂಗ್ ಮಾಡಿದ ಗುರುತು! ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ 2018ರ ಜನವರಿಯಲ್ಲಿ ಇದನ್ನು ಎತ್ತಿ ತೋರಿಸಿದ. ಅದೇ ವರ್ಷ ಆಗಸ್ಟ್‌ನಲ್ಲಿ ಪೆಂಟಗನ್ (ಅಮೆರಿಕದ ರಕ್ಷಣಾ ಇಲಾಖೆ) ತನ್ನ ಸೈನಿಕರಿಗೆ, ಕಾರ್ಯಾಚರಣೆ ನಡೆಯುವ ಕಡೆ ಲೊಕೇಶನ್ ತೋರಿಸುವ ಆ್ಯಪ್, ಸಾಧನ ಬಳಸಬೇಡಿ ಅಂದಿತು.

ಬಯಲುಸೀಮೆ ಹುಡುಗ: ಅಯ್ಯೋ, ಜಾಗಿಂಗೂ ಗುಟ್ಟಾಗಿ ಮಾಡಬೇಕಾ!